ವಾರ್ಡಿನ ಬಾಗಿಲಲ್ಲೇ ನಿಂತ ಅಣ್ಣ

ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿ ಹನ್ನೊಂದು ವರ್ಷವಾಯಿತು. ಮಗುವಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಎಂದು ತಿಳಿದ ವಾರ ಹೆಚ್ಚಿನ ತಾಯಂದಿರು ಕೇಳುವುದು ಒಂದೇ: "ಸಿಸ್ಟರ್, ಆ ಜ್ವರದಿಂದಲೇ ಹೀಗಾಯಿತೇ?" ಒಮ್ಮೆ ಡ್ರಿಪ್ ಸರಿಪಡಿಸುವ ಗಡಿಬಿಡಿಯಲ್ಲಿ, "ಯಾವುದಾದರೂ ವೈರಸ್ಸೂ ಇರಬಹುದಮ್ಮಾ" ಎಂದುಬಿಟ್ಟೆ.

ಎರಡು ದಿನದ ನಂತರ ಆ ಹುಡುಗಿಯ ಅಣ್ಣ ಬಂದ. ಎಂಟು ವರ್ಷದವನು. ಬಣ್ಣದ ಪೆನ್ಸಿಲ್ ಡಬ್ಬಿ ಹಿಡಿದು ಹೊಸ್ತಿಲಲ್ಲೇ ನಿಂತಿದ್ದ. ಒಳಗೆ ಬಾ ಎಂದರೆ, "ಬೇಡ ಆಂಟಿ, ಶಾಲೆಯಿಂದ ನೆಗಡಿ ತಂದವನು ನಾನೇ" ಎಂದ. ಅವನ ತಲೆಯ ಮೇಲೆ ನಮ್ಮದೇ ಫಲಕ: 'ನೆಗಡಿ, ಕೆಮ್ಮು ಇರುವವರಿಗೆ ಪ್ರವೇಶವಿಲ್ಲ'. ಕೀಮೋದಿಂದ ಬಿಳಿ ರಕ್ತಕಣಗಳು ಕುಸಿದ ಮಕ್ಕಳಿಗೆ ಸಣ್ಣ ನೆಗಡಿಯೂ ಅಪಾಯ, ಅದಕ್ಕೆ ಆ ನಿಯಮ. ಅವನು ಓದಿಕೊಂಡದ್ದೇ ಬೇರೆ.

ಅಂದು ರಾತ್ರಿ ಪಾಳಿಯಲ್ಲಿ ನಮ್ಮ ಡಾಕ್ಟರನ್ನು ಹಿಡಿದು ಕೂರಿಸಿ ಕೇಳಿದೆ. ಬ್ರಿಟನ್ನಿನ ವಿಜ್ಞಾನಿ ಮೆಲ್ ಗ್ರೀವ್ಸ್, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೇಮಿಯಾ ಕುರಿತ ದಶಕಗಳ ಸಂಶೋಧನೆಯನ್ನು 2018ರಲ್ಲಿ ಒಟ್ಟುಗೂಡಿಸಿ ಬರೆದಿದ್ದಾರಂತೆ. ಅವರ ವಾದದಲ್ಲಿ, ರೋಗ ಬರಲು ರಕ್ತಕಣಗಳ ವಂಶವಾಹಿಗಳಿಗೆ ಎರಡು ಪೆಟ್ಟು ಬೀಳಬೇಕು. ಮೊದಲನೆಯದು ಬಹುಪಾಲು ಗರ್ಭದಲ್ಲೇ ಬೀಳುತ್ತದೆ. ಉದಾಹರಣೆಗೆ 12 ಮತ್ತು 21ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗುತ್ತವೆ. ಹಾಗೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರಿಗೆ ರೋಗ ಬರುವುದೇ ಇಲ್ಲ. ಮೊದಲ ವರ್ಷದಲ್ಲಿ ಸೋಂಕುಗಳ ಪರಿಚಯವಾಗದ ರೋಗನಿರೋಧಕ ಶಕ್ತಿ ಮುಂದೆ ಸಾಮಾನ್ಯ ಸೋಂಕಿಗೂ ಅತಿರೇಕವಾಗಿ ವರ್ತಿಸಿದಾಗ ಎರಡನೆಯ ಪೆಟ್ಟು ಬೀಳಬಹುದು. ಇಂಥದೇ ವೈರಸ್ ಎಂದು ಬೆರಳು ತೋರಿಸಲು ಯಾವುದೂ ಸಿಕ್ಕಿಲ್ಲ. ಶಿಶುವಿಹಾರಕ್ಕೆ ಬೇಗ ಹೋದ ಮಕ್ಕಳಲ್ಲಿ ಈ ರೋಗ ತುಸು ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆ ಲೆಕ್ಕದಲ್ಲಿ, ತಂಗಿ ಕೂಸಾಗಿದ್ದಾಗ ಅಣ್ಣ ತಂದ ನೆಗಡಿ ಅವಳಿಗೆ ಉಪಕಾರವನ್ನೇ ಮಾಡಿರಬಹುದು!

ಇನ್ನು ಆ ಜ್ವರ? ಅಸ್ಥಿಮಜ್ಜೆಯಲ್ಲಿ ಕೆಟ್ಟ ಕಣಗಳೇ ತುಂಬಿದಾಗ ಜ್ವರ ಬರುವುದು ರೋಗದ ಲಕ್ಷಣ. ತಾಯಿಗೆ ಕಂಡದ್ದು ಅದು.

ಮರುದಿನ ಅಮ್ಮ, ಮಗ ಇಬ್ಬರನ್ನೂ ಕೂರಿಸಿ, ನಾನು ಅಂದದ್ದು ತಪ್ಪಾಯಿತು ಎಂದು ಒಪ್ಪಿಕೊಂಡೆ. ಆಕೆ ಸುಮ್ಮನೆ ಮಗನ ತಲೆ ಸವರಿದರು. ಅವನಿಗೆ ಆಗ ನೆಗಡಿ ಇರಲಿಲ್ಲ. ಸೋಪು ಹಾಕಿ ಮೊಣಕೈವರೆಗೂ ತೊಳೆದುಕೊಂಡು ಒಳಗೆ ಹೋದ.

ಫಲಕದ ಕೆಳಗೆ ಈಗ ಇನ್ನೊಂದು ಸಾಲು ಬರೆಸಿದ್ದೇವೆ: 'ಈ ಕಾಯಿಲೆ ಅಂಟುರೋಗವಲ್ಲ. ಯಾರ ನೆಗಡಿಯನ್ನೂ ದೂರಬೇಕಿಲ್ಲ.' ಜ್ವರದ ಪ್ರಶ್ನೆ ಬಂದರೆ ನಾನು ಮೊದಲು ಕೈಯ ಕೆಲಸ ಬದಿಗಿಟ್ಟು, ಮನೆಯಲ್ಲಿ ಬೇರೆ ಮಕ್ಕಳಿದ್ದಾರೆಯೇ ಎಂದು ಕೇಳುತ್ತೇನೆ.