ಹ್ಯಾವ್‌ಲಾಕ್‌ನಲ್ಲಿ ಬೇಗ ಎದ್ದವರಿಗೇ ಸಮುದ್ರ

ಅಂಡಮಾನಿನಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅವಸರದವನು. ದೇಶದ ಸಮಯವನ್ನು ಲೆಕ್ಕ ಹಾಕುವುದು 82.5 ಡಿಗ್ರಿ ರೇಖಾಂಶದಿಂದ, ಈ ದ್ವೀಪಗಳು ಇರುವುದು 93ರ ಹತ್ತಿರ. ಅಲ್ಲಿಗೆ ನಲವತ್ತು ನಿಮಿಷದಷ್ಟು ವ್ಯತ್ಯಾಸ. ಚಳಿಗಾಲದಲ್ಲಂತೂ ಸಂಜೆ ಐದು ಅನ್ನುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ರಜೆ ಅಂತ ಒಂಬತ್ತಕ್ಕೆ ಎದ್ದು ನಿಧಾನವಾಗಿ ತಿಂಡಿ ತಿಂದು ಹೊರಟರೆ ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ.

ಹಾಗಾಗಿ ನಾವಿಬ್ಬರೂ ಕತ್ತಲಿರುವಾಗಲೇ ಕಯಾಕಿಂಗ್‌ಗೆ ಹೊರಟೆವು. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು, ಆದರೆ ಜನರ ಬಾಯಲ್ಲಿ ಇನ್ನೂ ಹ್ಯಾವ್‌ಲಾಕೇ. ಜೆಟ್ಟಿಯಿಂದ ಸ್ವಲ್ಪ ದೂರ ಹೋದರೆ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳು, ಶುರುವಾಗುತ್ತದೆ. ಇಬ್ಬರು ಕೂರುವ ಕಯಾಕ್‌ನಲ್ಲಿ ಮುಂದೆ ಕೂತವರು ಹುಟ್ಟು ಹಾಕುವ ಲಯ ಹಿಡಿಯಬೇಕು, ಹಿಂದೆ ಕೂತವರು ದಿಕ್ಕು ನೋಡಿಕೊಳ್ಳಬೇಕು. ನನ್ನ ಗಂಡ ಮುಂದೆ, ನಾನು ಹಿಂದೆ. ಅವರು ಎಡಕ್ಕೆ ಅಂದಾಗ ನಾನು ಬಲಕ್ಕೆ ತಿರುಗಿಸುವುದು, ನಾನು ನಿಧಾನ ಅಂದಾಗ ಅವರಿಗೆ ಜೋರು ಬರುವುದು, ಮೊದಲ ಕಾಲು ಗಂಟೆ ಬರೀ ಇದೇ. ಆಮೇಲೆ ಇಬ್ಬರೂ ಮಾತು ನಿಲ್ಲಿಸಿದೆವು, ದೋಣಿ ತನ್ನಷ್ಟಕ್ಕೆ ನೇರ ಹೋಯಿತು!

ಸಮುದ್ರದ ನೀರು ಏರಿ ಭರತ ಇದ್ದಿದ್ದರಿಂದ ಕಾಡಿನೊಳಗಿನ ಸಣ್ಣ ಕಾಲುವೆಗೂ ನುಗ್ಗಬಹುದಿತ್ತು. ಇಳಿತದ ಹೊತ್ತಲ್ಲಿ ಅಲ್ಲಿ ಬರೀ ಕೆಸರು, ದೋಣಿ ಹೋಗಲ್ಲ, ಅದಕ್ಕೇ ಬುಕ್ ಮಾಡುವ ಮುಂಚೆ ಭರತ ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳಿ. ಎರಡೂ ಕಡೆ ಬೇರುಗಳು ಕಮಾನಿನ ಹಾಗೆ ನೀರಿಗಿಳಿದಿದ್ದವು. ಒಂದು ಕೊಂಬೆ ನನ್ನ ಮುಖದ ಹತ್ತಿರಕ್ಕೇ ಬಂತು. ಅದರಲ್ಲಿ ನುಗ್ಗೆಕಾಯಿ ಥರ ಹಸಿರು ಕಡ್ಡಿಗಳು ನೇತಾಡುತ್ತಿದ್ದವು. ಅದು ಕಾಯಿ ಅಲ್ಲ, ಮರದಲ್ಲಿ ಇರುವಾಗಲೇ ಮೊಳಕೆಯೊಡೆದ ಸಸಿ. ಬಲಿತ ಮೇಲೆ ಉದುರಿ, ಕೆಸರಿಗೆ ಚುಚ್ಚಿಕೊಂಡರೆ ಅಲ್ಲೇ ಬೇರು ಬಿಡುತ್ತದೆ, ನೀರಿಗೆ ಬಿದ್ದರೆ ತೇಲಿಕೊಂಡು ಬೇರೆ ಎಲ್ಲೋ ಹೋಗಿ ನೆಲೆಯಾಗುತ್ತದೆ. ಉಪ್ಪುನೀರಲ್ಲಿ ಬೀಜ ಬಿತ್ತುವ ಕಷ್ಟವೇ ಬೇಡ ಅಂತ ಮರ ತಾನೇ ಸಸಿ ಮಾಡಿ ಕಳಿಸುವುದು! ನನಗೆ ಇಡೀ ದಿನದಲ್ಲಿ ಜಾಸ್ತಿ ಇಷ್ಟವಾಗಿದ್ದು ಇದೇ.

ಆಮೇಲೆ ಬೋಟು ಹಿಡಿದು ಎಲಿಫೆಂಟ್ ಬೀಚ್‌ಗೆ, ಸ್ನಾರ್ಕ್ಲಿಂಗ್ ಮಾಡಲು, ಅಂದರೆ ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತಾ ನೀರೊಳಗೆ ನೋಡಲು. ನಿಜ ಹೇಳಬೇಕೆಂದರೆ ದಡಕ್ಕೆ ಕಾಲಿಟ್ಟಾಗ ವಾಪಸ್ ಹೋಗೋಣ ಅನ್ನಿಸಿತು. ಜೆಟ್ ಸ್ಕೀ ಗದ್ದಲ, ಲೈಫ್ ಜಾಕೆಟ್ ಹಾಕಿಕೊಂಡ ಜನರ ಸಾಲು, ಫೋಟೋ ಬೇಕಾ ಫೋಟೋ ಅಂತ ಕೂಗು. 2004ರ ಸುನಾಮಿಯಲ್ಲಿ ಬುಡಮೇಲಾದ ಮರಗಳ ಬೊಡ್ಡೆಗಳು ಮಾತ್ರ ಯಾರಿಗೂ ಸಂಬಂಧವಿಲ್ಲದಂತೆ ಮರಳಲ್ಲಿ ಮಲಗಿದ್ದವು.

ಆದರೆ ಮುಖ ನೀರೊಳಗೆ ಹಾಕಿದ ತಕ್ಷಣ ಆ ಗದ್ದಲವೆಲ್ಲ ಬಂದ್. ನನ್ನ ಗಂಡನಿಗೆ ಈಜು ಬರಲ್ಲ, ಅವರು ಟ್ಯೂಬ್ ಹಿಡಿದು ತೇಲುತ್ತಿದ್ದರು, ಗೈಡ್ ಎಳೆದುಕೊಂಡು ಹೋಗುತ್ತಿದ್ದ. ಈಜು ಬರದವರೂ ಧೈರ್ಯವಾಗಿ ಇಳಿಯಬಹುದು, ಬಾಯಲ್ಲಿ ಉಸಿರಾಡುವುದು ಅಭ್ಯಾಸ ಆಗುವವರೆಗೆ ಗಾಬರಿ ಆಗುತ್ತದೆ, ಅಷ್ಟೇ. ಮಾಸ್ಕ್ ಮಂಜಾಗದಂತೆ ಒಳಗೆ ಉಗುಳಿ ಉಜ್ಜಿ ತೊಳೆಯಬೇಕು, ಅಸಹ್ಯ ಪಡಬೇಡಿ.

ನೀರಿನೊಳಗೆ ಕಟಕಟ ಅಂತ ಸದ್ದು ಬರುತ್ತಿತ್ತು. ತಿರುಗಿ ನೋಡಿದರೆ ಹಸಿರು ನೀಲಿ ಬಣ್ಣದ ಪ್ಯಾರಟ್ ಫಿಶ್ ಹವಳದ ಬಂಡೆಯನ್ನು ಕಚ್ಚಿ ಕಚ್ಚಿ ಕೆರೆಯುತ್ತಿತ್ತು. ಅದಕ್ಕೆ ಬೇಕಾದದ್ದು ಪಾಚಿ, ಜೊತೆಗೆ ಹೊಟ್ಟೆಗೆ ಹೋದ ಸುಣ್ಣದ ಕಲ್ಲು ಪುಡಿಯಾಗಿ ಹಿಂದಿನಿಂದ ಬಿಳಿ ಮರಳಾಗಿ ಬೀಳುತ್ತದೆ. ದಡದ ಮೇಲೆ ನಾವು ಆಹಾ ಅಂತ ಮಲಗುವ ಮರಳಲ್ಲಿ ಇದರ ಪಾಲೂ ಇರುತ್ತದೆ. ಗಂಡನಿಗೆ ಹೇಳಿದೆ, ಮುಖ ನೋಡಬೇಕಿತ್ತು ನೀವು.

ಹವಳ ಎಲ್ಲ ಕಡೆ ಬಣ್ಣಬಣ್ಣವಾಗಿಲ್ಲ. 2010ರಲ್ಲಿ ಸಮುದ್ರ ಕಾದು ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು. ಬಿಸಿ ಹೆಚ್ಚಾದರೆ ಅದು ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಹವಳದ ಬಣ್ಣವೂ ಆ ಪಾಚಿಯದ್ದೇ, ಊಟವೂ ಬಹುಪಾಲು ಅದರಿಂದಲೇ. ನಾವು ನೋಡಿದ ಕಡೆ ಒಂದಷ್ಟು ಬೂದು ಬಣ್ಣದ ಸತ್ತ ಹವಳ, ಮಧ್ಯೆ ಮಧ್ಯೆ ಜೀವಂತ ಇರುವುದು. ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೆ ಏನು ಹೇಳೋಣ? ಹವಳದ ಚೂರು, ಚಿಪ್ಪು ಜೇಬಿಗೆ ಹಾಕಿಕೊಂಡು ಬರುವ ಯೋಚನೆಯೂ ಬೇಡ, ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಸಂಜೆ ರಾಧಾನಗರ ಬೀಚ್. ಅದು ಪಶ್ಚಿಮ ದಡ, ಅದಕ್ಕೇ ಸೂರ್ಯಾಸ್ತಕ್ಕೆ ಎಲ್ಲರೂ ಅಲ್ಲಿಗೇ ಬರುತ್ತಾರೆ. 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿದೆ. ಗೇಟಿನ ಹತ್ತಿರದ ಜನಜಂಗುಳಿ ನೋಡಿ ಬೇಜಾರಾಗಬೇಡಿ, ದಡ ಉದ್ದಕ್ಕಿದೆ, ಹತ್ತು ನಿಮಿಷ ನಡೆದರೆ ಯಾರೂ ಇರಲ್ಲ. ಈಜುವುದಾದರೆ ಮಾತ್ರ ಲೈಫ್‌ಗಾರ್ಡ್ ತೋರಿಸಿದ ಜಾಗದಲ್ಲೇ ಇಳಿಯಿರಿ, ಅಂಡಮಾನಿನ ನೀರಲ್ಲಿ ಉಪ್ಪುನೀರಿನ ಮೊಸಳೆಗಳಿವೆ.

ಮತ್ತೆ ಮರಳಲ್ಲಿ ಸುಮ್ನೆ ಟವೆಲ್ ಇಲ್ಲದೆ ಕೂರಬೇಡಿ. ಮರಳುನೊಣ ಕಚ್ಚಿದ್ದು ಆಗ ಗೊತ್ತಾಗಲ್ಲ, ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಕಾಲು ಕೆರೆದುಕೊಳ್ಳುತ್ತಿದ್ದೆವು.