ಸ್ಟಾಕ್ ಅಂದ್ರೆ ಯಾವ ಸ್ಟಾಕು?

ನಾನಿರೋದು ಅಕೌಂಟ್ಸ್ ರಿಪೋರ್ಟಿಂಗ್ ಟೀಮಲ್ಲಿ, ಬ್ರಿಟನ್ ಮತ್ತೆ ಅಮೆರಿಕದ ಕ್ಲೈಂಟ್‌ಗಳ ಲೆಕ್ಕ ನೋಡ್ಕೋತೀವಿ. ಹೊಸಬರು ಯಾರಾದ್ರೂ ಟೀಮಿಗೆ ಬಂದ್ರೆ ನಾನು ಮೊದಲು ಕೂರಿಸ್ಕೊಂಡು ಹೇಳೋದು ಸಾಫ್ಟ್‌ವೇರ್ ಬಗ್ಗೆ ಅಲ್ಲ, ಸ್ಟಾಕ್ ಅನ್ನೋ ಒಂದು ಪದದ ಬಗ್ಗೆ. ಎಲ್ಲರಿಗೂ ಗೊತ್ತಿರೋ ಪದ ಅಂತಲೇ ಯಾರೂ ಅದನ್ನ ನಿಂತು ನೋಡಲ್ಲ, ಅದಕ್ಕೇ ಹೇಳ್ತೀನಿ.

ಒಂದ್ಸಲ ಬ್ರಿಟನ್ ಕ್ಲೈಂಟ್ ಕಡೆಯಿಂದ ಮೇಲ್ ಬಂತು, ಸ್ಟಾಕ್ ಟ್ರಾನ್ಸ್‌ಫರ್ ಫಾರ್ಮ್ ಬೇಕು ಅಂತ. ಸ್ಟಾಕ್ ಅಂತ ಇದೆಯಲ್ಲ, ಸೀದಾ ಇನ್ವೆಂಟರಿ, ಅಂದ್ರೆ ಗೋಡೌನಲ್ಲಿರೋ ಮಾಲಿನ ಲೆಕ್ಕ, ನೋಡೋರ ಹತ್ರ ಹೋಯ್ತು. ಅವರ ಸಿಸ್ಟಮಲ್ಲಿ ಸ್ಟಾಕ್ ಟ್ರಾನ್ಸ್‌ಫರ್ ಅಂದ್ರೆ ಒಂದು ಗೋಡೌನಿಂದ ಇನ್ನೊಂದಕ್ಕೆ ಮಾಲು ಕಳಿಸೋದು, ಹಾಗಾಗಿ ಯಾವ ಗೋಡೌನಿಂದ ಯಾವುದಕ್ಕೆ, ಐಟಂ ಕೋಡ್ ಏನು, ಕ್ವಾಂಟಿಟಿ ಎಷ್ಟು ಅಂತ ವಾಪಸ್ ಕೇಳಿದ್ರು. ಆ ಕಡೆಯವರು ಕೇಳಿದ್ದು ಷೇರು ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಮಾಡಿಕೊಡೋ ಫಾರ್ಮು, ಬ್ರಿಟನ್‌ನಲ್ಲಿ 1963ರ ಸ್ಟಾಕ್ ಟ್ರಾನ್ಸ್‌ಫರ್ ಆಕ್ಟ್ ಪ್ರಕಾರ ಬಂದಿದ್ದು ಅದು. ಇಬ್ಬರೂ ಅವರವರ ಲೆಕ್ಕದಲ್ಲಿ ಸರಿನೇ, ಪದ ಒಂದೇ ಆಗಿದ್ದಕ್ಕೆ ಮಾತು ಎರಡು ದಾರಿ ಹಿಡೀತು.

ಆಮೇಲೆ ನಾನು ಈ ಪದದ ಬೆನ್ನು ಹತ್ತಿದೆ. ಹಳೇ ಇಂಗ್ಲಿಷಲ್ಲಿ ಸ್ಟಾಕ್ ಅಂದ್ರೆ ಮರದ ಬೊಡ್ಡೆ, ದಿಮ್ಮಿ. ಬಂದೂಕಿನ ಹಿಂಭಾಗದ ಮರದ ಹಿಡಿಗೆ ಸ್ಟಾಕ್ ಅನ್ನೋದು, ಹಿಂದೆ ಅಪರಾಧಿಗಳ ಕಾಲಿಗೆ ಹಾಕ್ತಿದ್ದ ಮರದ ದಿಮ್ಮಿಗೆ ಸ್ಟಾಕ್ಸ್ ಅನ್ನೋದು ಎಲ್ಲಾ ಅಲ್ಲಿಂದಲೇ. ಸರಿ, ಮರದ ಬೊಡ್ಡೆ ದುಡ್ಡಿನ ವ್ಯವಹಾರಕ್ಕೆ ಹೇಗೆ ಬಂತು? ಇದಕ್ಕೆ ಎರಡು ವಿವರಣೆ ಇದೆ. ಬೊಡ್ಡೆಯಿಂದ ಕೊಂಬೆ ಒಡೆಯೋ ಹಾಗೆ ಅಸಲಿಂದ ಲಾಭ ಹುಟ್ಟುತ್ತೆ, ಅದಕ್ಕೆ ಬಂಡವಾಳಕ್ಕೆ ಆ ಹೆಸರು ಅನ್ನೋದು ಒಂದು. ಇನ್ನೊಂದು ಟ್ಯಾಲಿ ಕೋಲಿನ ಕಥೆ, ಅಕೌಂಟ್ಸ್‌ನವಳಾಗಿ ನನ್ನ ಮನಸ್ಸಿಗೆ ಹತ್ರ ಆಗಿದ್ದು ಇದು.

ಮಧ್ಯಯುಗದ ಇಂಗ್ಲೆಂಡಲ್ಲಿ ರಾಜನ ಖಜಾನೆಗೆ ಕಟ್ಟಿದ ಹಣಕ್ಕೆ ರಸೀದಿ ಅಂತ ಕೊಡ್ತಿದ್ದಿದ್ದು ಒಂದು ಕೋಲು, ಹೆಚ್ಚಾಗಿ ಹೇಝಲ್ ಮರದ್ದು. ಮೊತ್ತವನ್ನ ಕೋಲಿನ ಮೇಲೆ ಕಚ್ಚು ಹಾಕಿ ಬರೀತಿದ್ರು. ರಿಚರ್ಡ್ ಫಿಟ್ಸ್‌ನೀಲ್ ಅನ್ನೋ ಖಜಾನೆ ಅಧಿಕಾರಿ 12ನೇ ಶತಮಾನದಲ್ಲಿ ಅದರ ಅಳತೆ ಬರೆದಿಟ್ಟಿದ್ದಾನೆ: ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಷ್ಟು, ಇಪ್ಪತ್ತಕ್ಕೆ ಕಿರುಬೆರಳಷ್ಟು, ಒಂದು ಪೌಂಡಿಗೆ ತುಂಬಿದ ಬಾರ್ಲಿ ಕಾಳಿನಷ್ಟು, ಶಿಲ್ಲಿಂಗಿಗೆ ಇನ್ನೂ ಸಣ್ಣದು, ಪೆನ್ನಿಗೆ ಮರ ಕೆತ್ತದೆ ಬರೀ ಒಂದು ಗೀರು. ಆಮೇಲೆ ಕೋಲನ್ನ ಉದ್ದಕ್ಕೆ ಸೀಳೋದು, ಕಚ್ಚು ಎರಡೂ ಭಾಗದಲ್ಲಿ ಬರೋ ಹಾಗೆ. ಹಿಡಿ ಇರೋ ಉದ್ದನೆ ಭಾಗ ಸ್ಟಾಕ್, ಅದು ಹಣ ಕೊಟ್ಟವನ ಕೈಗೆ. ಗಿಡ್ಡ ಭಾಗ ಫಾಯಿಲ್, ಅದು ತಗೊಂಡವನ ಹತ್ರ. ಲೆಕ್ಕ ತಾಳೆ ನೋಡೋ ದಿನ ಎರಡನ್ನೂ ಜೋಡಿಸೋದು, ಯಾರಾದ್ರೂ ಒಂದು ಕಚ್ಚು ಜಾಸ್ತಿ ಕೊರೆದಿದ್ರೆ ಇನ್ನೊಂದು ಭಾಗದಲ್ಲಿ ಅದು ಇರಲ್ಲ, ಮರದ ಎಳೆನೂ ಕೂಡಬೇಕು, ಬೇರೆ ಕೋಲು ತಂದು ಮೋಸ ಮಾಡಕ್ಕಾಗಲ್ಲ. ನಾವು ದಿನಾ ಮಾಡೋ ರಿಕನ್ಸಿಲಿಯೇಷನ್ ಅದೇ ತಾನೇ! ಸಾಲದ ಲೆಕ್ಕಕ್ಕೆ ಮಾಡಿದ ಕೋಲಾದ್ರೆ ಸ್ಟಾಕ್ ಯಾರ ಕೈಲಿದೆಯೋ ಅವರಿಗೆ ಹಣ ಬರಬೇಕು, ಸ್ಟಾಕ್‌ಹೋಲ್ಡರ್ ಅನ್ನೋ ಮಾತನ್ನ ಇಲ್ಲಿಗೆ ಜೋಡಿಸೋರು ಇದ್ದಾರೆ.

ಈ ಕೋಲುಗಳ ಬಳಕೆ 1826ರ ತನಕ ಎಳೀತು. ಉಳಿದ ಹಳೇ ಕೋಲುಗಳನ್ನ 1834ರ ಅಕ್ಟೋಬರ್ 16ಕ್ಕೆ ಹೌಸ್ ಆಫ್ ಲಾರ್ಡ್ಸ್ ಕೆಳಗಿನ ಒಲೆಗಳಲ್ಲಿ ಸುಡೋಕೆ ಹೋಗಿ ಬೆಂಕಿ ಮೇಲಕ್ಕೆ ಹತ್ತಿ ಪಾರ್ಲಿಮೆಂಟ್ ಕಟ್ಟಡದ ಬಹುಭಾಗನೇ ಸುಟ್ಟುಹೋಯ್ತು.

ಇನ್ನು ಕಂಪನಿ ವಿಷಯ. ಈಸ್ಟ್ ಇಂಡಿಯಾ ಕಂಪನಿ ಥರದವರು ವ್ಯಾಪಾರಕ್ಕೆ ಹಲವರಿಂದ ಸೇರಿಸಿದ ಹಣಕ್ಕೆ ಜಾಯಿಂಟ್ ಸ್ಟಾಕ್ ಅಂತಿದ್ರು, ಅಂದ್ರೆ ಒಟ್ಟು ಗಂಟು. ಅದರಲ್ಲಿ ಒಬ್ಬೊಬ್ಬರ ಪಾಲು ಷೇರು. ಷೇರ್ ಅನ್ನೋ ಪದದ ಮೂಲ ಕತ್ತರಿಸೋದು. ಹಾಗೆ ನೋಡಿದ್ರೆ ಸ್ಟಾಕ್ ಇಡೀದು, ಷೇರು ಅದರಿಂದ ಕತ್ತರಿಸಿದ ತುಂಡು. ಬ್ರಿಟನ್‌ನಲ್ಲಿ ಹಿಂದೆ ಪೂರ್ತಿ ಹಣ ಕಟ್ಟಿದ ಷೇರುಗಳನ್ನ ಸ್ಟಾಕ್ ಆಗಿ ಬದಲಾಯಿಸಬಹುದಿತ್ತು, 2006ರ ಕಂಪನೀಸ್ ಆಕ್ಟ್ ಬಂದ್ಮೇಲೆ ಅದಿಲ್ಲ. ಆದ್ರೂ ಫಾರ್ಮಿನ ಹೆಸರು ಮಾತ್ರ ಸ್ಟಾಕ್ ಟ್ರಾನ್ಸ್‌ಫರ್ ಅಂತಲೇ ಉಳ್ಕೊಂಡಿದೆ.

ನಮ್ಮ ಕೆಲಸದಲ್ಲಿ ನಿಜವಾದ ತೊಡಕು ಇರೋದು ಎರಡು ದೇಶಗಳ ಮಧ್ಯೆ. ಅಮೆರಿಕದ ಬ್ಯಾಲೆನ್ಸ್ ಶೀಟಲ್ಲಿ ಕಾಮನ್ ಸ್ಟಾಕ್ ಅಂದ್ರೆ ಷೇರು ಬಂಡವಾಳ, ಮಾಲಿಗೆ ಅವರು ಇನ್ವೆಂಟರಿ ಅಂತಾರೆ. ಬ್ರಿಟನ್ ಫಾರ್ಮ್ಯಾಟಲ್ಲಿ ಕರೆಂಟ್ ಅಸೆಟ್ಸ್ ಕೆಳಗೆ ಸ್ಟಾಕ್ಸ್ ಅಂದ್ರೆ ಮಾಲು, ಷೇರಿಗೆ ಆರ್ಡಿನರಿ ಷೇರ್ಸ್. ಒಂದು ಕಡೆ ಆಸ್ತಿ, ಇನ್ನೊಂದು ಕಡೆ ಮಾಲೀಕರ ಬಂಡವಾಳ, ಶೀಟಿನ ಎದುರುಬದುರು ಬದಿ. ಇದರ ಮೇಲೆ ಬ್ರಿಟನ್‌ನ ಲೋನ್ ಸ್ಟಾಕ್ ಬೇರೆ, ಅದು ಷೇರೂ ಅಲ್ಲ ಮಾಲೂ ಅಲ್ಲ, ಸಾಲ. ರೈಲ್ವೆ ಕ್ಲೈಂಟ್ ಆದ್ರೆ ರೋಲಿಂಗ್ ಸ್ಟಾಕ್, ಅಂದ್ರೆ ಇಂಜಿನ್ನು ಬೋಗಿಗಳು, ಅವು ಫಿಕ್ಸೆಡ್ ಅಸೆಟ್, ಮಾರೋಕಲ್ಲ, ವರ್ಷಗಟ್ಟಲೆ ಬಳಸೋಕೆ ಇಟ್ಕೊಂಡ ಆಸ್ತಿ. ಬರೀ ಸ್ಟಾಕ್ ಅಂತ ಸರ್ಚ್ ಮಾಡಿ ಆಟೋಮ್ಯಾಪಿಂಗ್ ಮಾಡೋ, ಅಂದ್ರೆ ಯಾವ ಲೆಕ್ಕ ಯಾವ ತಲೆಬರಹದ ಕೆಳಗೆ ಅಂತ ತಾವೇ ಸೇರಿಸೋ, ಟೂಲ್‌ಗಳನ್ನ ನಾನು ಇದಕ್ಕೇ ನಂಬಲ್ಲ, ಪಕ್ಕದ ಪದ ನೋಡದೆ ಈ ಪದಕ್ಕೆ ಅರ್ಥನೇ ಇಲ್ಲ.

ಹಾಗಾಗಿ ನಮ್ಮ ಟೀಮಿನ ಒಳಗಿನ ಮೇಲ್‌ಗಳಲ್ಲಿ ಈಗ ಬರೀ ಸ್ಟಾಕ್ ಅಂತ ಬರೆಯಲ್ಲ. ಮಾಲಾದ್ರೆ ಇನ್ವೆಂಟರಿ, ಅಂತರರಾಷ್ಟ್ರೀಯ ಅಕೌಂಟಿಂಗ್ ಸ್ಟ್ಯಾಂಡರ್ಡ್ ಐಎಎಸ್ 2ರಲ್ಲೂ ಅದೇ ಪದ ಇದೆ, ಪಾಲಾದ್ರೆ ಷೇರ್, ಸಾಲ ಆದ್ರೆ ಲೋನ್ ಸ್ಟಾಕ್ ಅಂತ ಪೂರ್ತಿ. ಕ್ಲೈಂಟ್ ಕೇಳಿದ ಕೆಲಸಕ್ಕೆ ಸಿಸ್ಟಮಲ್ಲಿ ಟಿಕೆಟ್ ತೆರೆಯುವಾಗ ಈ ಮೂರರಲ್ಲಿ ಯಾವುದು ಅಂತ ಆರಿಸದೆ ಮುಂದೆ ಹೋಗೋಕೆ ಬರಲ್ಲ, ಶುರುವಲ್ಲಿ ಕಿರಿಕಿರಿ ಅಂದೋರೂ ಈಗ ತಾವೇ ಕೇಳ್ತಾರೆ. ಮುಟ್ಟದೆ ಬಿಟ್ಟಿರೋದು ಒಂದೇ ಜಾಗ, ಬ್ರಿಟನ್ ಕ್ಲೈಂಟ್‌ಗಳ ಫೈಲಿಂಗ್ ಫಾರ್ಮ್ಯಾಟ್. ಅಲ್ಲಿ ಕಾನೂನಿನ ನಮೂನೆಯಲ್ಲೇ ಸ್ಟಾಕ್ಸ್ ಅಂತ ಇರೋದ್ರಿಂದ ಅದನ್ನ ಹಾಗೇ ಬಿಟ್ಟು, ಪಕ್ಕದ ಕಾಲಮ್ಮಲ್ಲಿ ನಮ್ಮವರಿಗೆ ಕಾಣೋ ಹಾಗೆ ಮಾಲು ಅಂತ ಬರೆದಿಟ್ಟಿದ್ದೀವಿ.