ಚೆಕ್ಕುಬಂದಿ ನೋಡಿದೆ, ಮೇಲಿನ ಸಾಲು ಬಿಟ್ಟೆ

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಟೋಕನ್‌ಗಿಂತ ಮುಂಚೆ ಇನ್ನಿಬ್ಬರಿದ್ದರು. ಮೇಷ್ಟ್ರು ಡಿಡಿ ಇದ್ದ ಕವರನ್ನು ಚೀಲದಿಂದ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದರು. ಆಗ ಅವರ ಹೆಂಡತಿ ನನಗೆ ಫೋನ್ ಕೊಟ್ಟರು. "ಶಿವಮೊಗ್ಗದ ವಕೀಲರು. ನಿಮ್ಮ ಹತ್ರಾನೇ ಮಾತಾಡ್ಬೇಕಂತೆ."

ಕ್ರಯಪತ್ರದಂಥ ಆಸ್ತಿ ಪತ್ರ ಬರೆಯುವ ಕೆಲಸದಲ್ಲಿ ನನಗೆ 14 ವರ್ಷ. ತೀರ್ಥಹಳ್ಳಿ ಕಡೆಯ ಎರಡು ಎಕರೆ ಅಡಿಕೆ ತೋಟವನ್ನು ಮೇಷ್ಟ್ರು ನಿವೃತ್ತಿ ದುಡ್ಡಿನಲ್ಲಿ ತಗೊಳ್ಳುತ್ತಿದ್ದರು. ವಕೀಲರಿಗೆ ಒಂದ್ಸಲ ತೋರಿಸೋಣ್ವಾ ಅಂತ ಮೇಷ್ಟ್ರ ಹೆಂಡತಿ ಮೊದಲೇ ಕೇಳಿದ್ದರು. "ಎಂತಕ್ಕೆ ಅಮ್ಮಾ, ಸುಮ್ನೆ ಖರ್ಚು. ಇಸಿ ನಿಲ್ ಇದೆ, ಪಹಣಿ ಮಾರುವವರ ಹೆಸರಲ್ಲೇ ಇದೆ" ಅಂದಿದ್ದೆ. ಆ ಇಸಿ, ಅಂದರೆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಆನ್‌ಲೈನ್‌ನಲ್ಲಿ ತೆಗೆದದ್ದು, 2004ರಿಂದ ಈಚಿನದು. ಅಮ್ಮ ಮಾತ್ರ ಒಂದು ಸೆಟ್ ಜೆರಾಕ್ಸ್ ವಕೀಲರಿಗೆ ಕೊಟ್ಟುಬಂದಿದ್ದರು.

"1991ರ ಕ್ರಯಪತ್ರದ ಎರಡನೇ ಪುಟ ಓದಿದ್ರಾ?" ವಕೀಲರು ಕೇಳಿದರು.

ಫೈಲು ಕೈಯಲ್ಲೇ ಇತ್ತು. ತೆಗೆದೆ. ಚೆಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ ವಿವರ, ನಕಲು ಮಾಡಲು ನಾನೇ ಪೆನ್ಸಿಲ್ ಗೆರೆ ಎಳೆದಿದ್ದ ಪುಟ. ಗೆರೆಯ ಮೇಲೆ ಎರಡೇ ಸಾಲು ಬಿಟ್ಟು, ಜಮೀನು ದರಖಾಸ್ತಿನಲ್ಲಿ (ಸರ್ಕಾರಕ್ಕೆ ಅರ್ಜಿ ಹಾಕಿ) ಮಂಜೂರಾಗಿ ಬಂದದ್ದು ಅಂತ ಬರೆದಿತ್ತು.

"ಮಂಜೂರಾತಿಯ ಸಾಗುವಳಿ ಚೀಟಿ ನೋಡಿದ್ದೀರಾ? ಯಾರಿಗೆ ಮಂಜೂರಾಗಿದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಳಗಿಂದ ನಮ್ಮ ನಂಬರ್ ಕೂಗಿದರು. ಮೇಷ್ಟ್ರು ಎದ್ದು ನಿಂತು ನನ್ನ ಮುಖ ನೋಡಿದರು. ಪತ್ರವೂ ನನ್ನದೇ, ಅಭಯ ಕೊಟ್ಟವನೂ ನಾನೇ. ಇವತ್ತು ಬೇಡ ಮೇಷ್ಟ್ರೇ ಅನ್ನುವಷ್ಟರಲ್ಲಿ ಬಾಯಿ ಒಣಗಿತ್ತು.

ಆಮೇಲೆ ವಕೀಲರು ತಾಲ್ಲೂಕು ಕಚೇರಿಯಿಂದ ಮಂಜೂರಾತಿ ಕಡತದ ನಕಲು ತೆಗೆಸಿದರು. 1976ರಲ್ಲಿ ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸಿಕ್ಕ ಜಮೀನು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಇಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. 1991ರ ಮಾರಾಟಕ್ಕೆ ಅನುಮತಿಯೇ ಇರಲಿಲ್ಲ. ಮಂಜೂರಾದವರ ವಾರಸುದಾರರು ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಅರ್ಜಿ ಹಾಕಿದರೆ ಜಮೀನು ಅವರಿಗೆ ವಾಪಸ್ ಹೋಗಬಹುದು. 2023ರ ತಿದ್ದುಪಡಿಯಲ್ಲಿ ಆ ಅರ್ಜಿಗೆ ಕಾಲಮಿತಿ ಇಲ್ಲ ಅಂತಲೂ ಸೇರಿಸಿದ್ದಾರೆ. ಅದು ಅವರ ಹಕ್ಕು, ಇರಬೇಕಾದ್ದೇ. ಇದ್ಯಾವುದೂ ಇಸಿಯಲ್ಲಿ ಬರುವುದಿಲ್ಲ. ಮಂಜೂರಾತಿಯ ಷರತ್ತು ಇರುವುದು ಕಂದಾಯ ಕಡತದಲ್ಲಿ. ನಮ್ಮ ಮಲೆನಾಡಿನಲ್ಲಿ ದರಖಾಸ್ತು, ಬಗರ್‌ಹುಕುಂ ಜಮೀನು ಎಷ್ಟಿವೆ ಅಂತ ಗೊತ್ತಿದ್ದೂ ನಾನು ಕೇಳಲಿಲ್ಲ.

ನೋಂದಣಿಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0 ಬಂದ ಮೇಲೆ ನಮ್ಮ ಗಮನವೆಲ್ಲ ಅಪ್‌ಲೋಡ್, ಸ್ಲಾಟ್, ಸರ್ವರ್ ಕಡೆಗೇ. ಸ್ಕ್ರೀನ್ ಕೇಳಿದ ದಾಖಲೆ ಕೊಟ್ಟರೆ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ. ಪತ್ರ ಬರೆಯುವುದು ನನ್ನ ಕೆಲಸ. ಹಕ್ಕಿನ ಮೂಲ ಹುಡುಕುವುದು ವಕೀಲರ ಕೆಲಸ. ಮೇಷ್ಟ್ರಿಗೆ ಅವರ ಫೀಸು ಉಳಿಸಲು ಹೋಗಿ ಜೀವಮಾನದ ಗಳಿಕೆಯನ್ನೇ ಅಪಾಯಕ್ಕೆ ಒಡ್ಡಿದ್ದೆ. ಈಗ ಮಂಜೂರಾದ ಜಮೀನು ಅಂತ ಗೊತ್ತಾದರೆ ವಕೀಲರ ಅಭಿಪ್ರಾಯ ಬರುವವರೆಗೆ ಡ್ರಾಫ್ಟ್ ಶುರು ಮಾಡುವುದಿಲ್ಲ.

ಮೇಷ್ಟ್ರ ದುಡ್ಡು ಉಳಿಯಿತು. ಮಾರಲು ಬಂದವರು 1991ರಲ್ಲಿ ಪೂರ್ತಿ ಹಣ ಕೊಟ್ಟು ತಗೊಂಡವರು, ಅವತ್ತು ಅವರಿಗೂ ಯಾರೂ ಹೇಳಿರಲಿಲ್ಲ. ಕಡತದ ನಕಲನ್ನು ಎರಡು ಸಲ ಓದಿ ಮಡಚಿ, "ನನ್ನ ಪತ್ರಾನೂ ಇಲ್ಲೇ ಬರೆಸಿದ್ದು" ಅಂದರು.